ಬೀಗ ಹಾಕದೆ ಮುಚ್ಚುವ ಠಾಣೆಗಳು

ನಿಮ್ಮ ಮನೆಗೆ ಹತ್ತಿರದ ಆಸ್ಪತ್ರೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನೀವು ತಡವರಿಸದೆ ಉತ್ತರಿಸುತ್ತೀರಿ. ಪಡಿತರ ಅಂಗಡಿ ಯಾವ ದಿನ ತೆರೆಯುತ್ತದೆ, ಗ್ಯಾಸ್ ಏಜೆನ್ಸಿಯ ಫೋನ್ ನಂಬರ್ ಯಾವುದು, ಮಕ್ಕಳ ಶಾಲೆಯ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದೆಲ್ಲ ನಿಮಗೆ ಬಾಯಿಪಾಠ. ಆದರೆ ಅಗ್ನಿಶಾಮಕ ಠಾಣೆಯ ಬಗ್ಗೆ ಕೇಳಿದರೆ? ಅದು ನಿಮ್ಮ ಮನೆಯಿಂದ ಎಷ್ಟು ದೂರ? ಅಲ್ಲಿ ಓಡುವ ಸ್ಥಿತಿಯಲ್ಲಿರುವ ವಾಹನಗಳೆಷ್ಟು? ಇಂದು ರಾತ್ರಿ ಎರಡು ಗಂಟೆಗೆ ಕರೆ ಮಾಡಿದರೆ ಆ ವಾಹನ ಎಷ್ಟು ಹೊತ್ತಿಗೆ ನಿಮ್ಮ ಬಾಗಿಲಿಗೆ ಬಂದೀತು?

ಹೆಚ್ಚಿನ ಮನೆಗಳಲ್ಲಿ ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ. ಯಾರೂ ನಮಗೆ ಹೇಳಿಲ್ಲ, ನಾವೂ ಕೇಳಿಲ್ಲ. ನಾವು ಕೇಳದಿರುವುದರಿಂದಲೇ ನಮ್ಮ ಠಾಣೆಗಳು ಸದ್ದಿಲ್ಲದೆ ಬಡವಾಗುತ್ತಿವೆ ಎಂಬುದನ್ನು ತಿಳಿಸುವುದಕ್ಕಾಗಿಯೇ ಈ ಲೇಖನ.

ದೇವಲಾಪುರದ ಬೇಸಿಗೆ

ಮಂಡ್ಯ ಜಿಲ್ಲೆಯ ನಾಗಮಂಗಲ ತಾಲೂಕಿನ ಹೋಬಳಿಗಳಲ್ಲಿ ದೇವಲಾಪುರವೂ ಒಂದು. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆಯ ಬಯಲಿನಂತೆ ಇಲ್ಲಿ ನೀರಿನ ಸಮೃದ್ಧಿ ಇಲ್ಲ. ರಾಗಿ, ತೆಂಗು, ಹಸು, ಕುರಿ, ಇವೇ ಬಹುಪಾಲು ಮನೆಗಳ ಆಧಾರ. ರಾಗಿ ಕೊಯ್ಲು ಮುಗಿದ ಮೇಲೆ ಮನೆಯ ಹಿಂದೆಯೋ ಕಣದಲ್ಲೋ ಹುಲ್ಲಿನ ಮೆದೆ ಏಳುತ್ತದೆ. ವರ್ಷವಿಡೀ ಹಸುವಿನ ಹೊಟ್ಟೆ ತುಂಬಿಸುವುದು ಆ ಮೆದೆ. ಹಸುವಿನ ಹಾಲು ಡೇರಿಗೆ ಹೋದರೆ ಮನೆಯ ಹೆಂಗಸಿನ ಕೈಗೆ ವಾರದ ಖರ್ಚಿನ ಹಣ ಬರುತ್ತದೆ. ಅಂದರೆ ಆ ಮೆದೆ ಹೆಂಗಸಿನ ಬ್ಯಾಂಕ್ ಪುಸ್ತಕ ಇದ್ದ ಹಾಗೆ.

ಮಾರ್ಚ್, ಏಪ್ರಿಲ್ ಬಂತೆಂದರೆ ಎಲ್ಲವೂ ಒಣಗಿ ನಿಂತಿರುತ್ತದೆ. ಜೋತುಬಿದ್ದ ವಿದ್ಯುತ್ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಉದುರುತ್ತದೆ. ಹುಲ್ಲು ಹೇರಿಕೊಂಡು ಹೋಗುವ ಲಾರಿ, ಟ್ರ್ಯಾಕ್ಟರು ತಂತಿಗೆ ತಗುಲಿ ರಸ್ತೆಯಲ್ಲೇ ಹೊತ್ತಿ ಉರಿದ ಸುದ್ದಿಯನ್ನು ನೀವು ಪ್ರತಿ ಬೇಸಿಗೆಯಲ್ಲೂ ಪತ್ರಿಕೆಯಲ್ಲಿ ಓದುತ್ತೀರಿ. ಪಕ್ಕದ ತಾಲೂಕುಗಳಲ್ಲಿ ಕಟಾವಿಗೆ ಬಂದ ಕಬ್ಬಿನ ಗದ್ದೆಗಳು ಹೀಗೆಯೇ ಬೂದಿಯಾಗುತ್ತವೆ.

ಇನ್ನು ನಾಗಮಂಗಲದ ಅಗ್ನಿಶಾಮಕ ವಾಹನ ಹೊರಡುವುದು ತಾಲೂಕು ಕೇಂದ್ರದಿಂದ. ಅದೇ ವಾಹನ ತಾಲೂಕಿನ ಇನ್ನೊಂದು ತುದಿಯಾದ ಬೆಳ್ಳೂರಿನ ಕಡೆಗೂ ಹೋಗಬೇಕು. ಅಲ್ಲಿ ಬೆಂಗಳೂರು-ಮಂಗಳೂರು ಹೆದ್ದಾರಿ ಇದೆ. ಅಪಘಾತವಾದಾಗ ನಜ್ಜುಗುಜ್ಜಾದ ವಾಹನದೊಳಗೆ ಸಿಕ್ಕವರನ್ನು ಹೊರತೆಗೆಯುವುದೂ ಅಗ್ನಿಶಾಮಕ ದಳದ ಕೆಲಸವೇ. ಬಾವಿಗೆ ಬಿದ್ದವರನ್ನು ಎತ್ತುವುದು, ಕೆರೆಯಲ್ಲಿ ಮುಳುಗಿದವರನ್ನು ಹುಡುಕುವುದು ಕೂಡಾ ಅವರ ಪಾಲಿಗೇ ಬರುತ್ತದೆ. ಬೆಳ್ಳೂರಿನಲ್ಲಿ ಒಂದು ಅಪಘಾತ ಮತ್ತು ದೇವಲಾಪುರದಲ್ಲಿ ಒಂದು ಬೆಂಕಿ ಒಂದೇ ಹೊತ್ತಿನಲ್ಲಿ ಸಂಭವಿಸಿದರೆ ಏನು ಗತಿ? ಆಗ ಮಂಡ್ಯದಿಂದಲೋ ಪಾಂಡವಪುರದಿಂದಲೋ ವಾಹನ ಬರಬೇಕು. ಹುಲ್ಲಿನ ಮೆದೆ ಅಷ್ಟು ಹೊತ್ತು ಕಾಯುವುದಿಲ್ಲ. ಮೆದೆಗೆ ಅಂಟಿಕೊಂಡ ಕೊಟ್ಟಿಗೆ ಕಾಯುವುದಿಲ್ಲ. ಕೊಟ್ಟಿಗೆಗೆ ಅಂಟಿಕೊಂಡ ಮನೆಯೂ ಕಾಯುವುದಿಲ್ಲ.

ಲೆಕ್ಕ ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಅಗ್ನಿಶಾಮಕ ಸೇವೆಯ ಬಗ್ಗೆ ಸಲಹೆ ನೀಡಲು ಒಂದು ಸ್ಥಾಯಿ ಸಲಹಾ ಮಂಡಳಿ ಇದೆ. ಕರೆ ಬಂದ ಮೇಲೆ ನಗರ ಪ್ರದೇಶದಲ್ಲಿ 5ರಿಂದ 7 ನಿಮಿಷದೊಳಗೆ, ಗ್ರಾಮೀಣ ಪ್ರದೇಶದಲ್ಲಿ 20 ನಿಮಿಷದೊಳಗೆ ವಾಹನ ಸ್ಥಳಕ್ಕೆ ತಲುಪಬೇಕು ಎಂಬುದು ಅದರ ಮಾನದಂಡ. ಇದಕ್ಕಾಗಿ ನಗರದಲ್ಲಿ 10 ಚದರ ಕಿಲೋಮೀಟರಿಗೆ ಒಂದು, ಹಳ್ಳಿಗಾಡಿನಲ್ಲಿ 50 ಚದರ ಕಿಲೋಮೀಟರಿಗೆ ಒಂದು ಠಾಣೆ ಇರಬೇಕು.

ಮಂಡ್ಯ ಜಿಲ್ಲೆಯ ವಿಸ್ತೀರ್ಣ 4,961 ಚದರ ಕಿಲೋಮೀಟರ್. ತಾಲೂಕುಗಳು 7. 2011ರ ಜನಗಣತಿಯಂತೆ ಜನಸಂಖ್ಯೆ 18 ಲಕ್ಷಕ್ಕೂ ಹೆಚ್ಚು. ತಾಲೂಕಿಗೊಂದು ಠಾಣೆ ಎಂದು ಹಿಡಿದರೆ ಒಂದೊಂದು ಠಾಣೆಯ ಪಾಲಿಗೆ ಸರಾಸರಿ 700 ಚದರ ಕಿಲೋಮೀಟರ್ ಬರುತ್ತದೆ. ಮಾನದಂಡ ಹೇಳುವುದು 50. ಈ ಗುಣಾಕಾರ ಭಾಗಾಕಾರಕ್ಕೆ ಯಾವ ದೊಡ್ಡ ವಿದ್ಯೆಯೂ ಬೇಡ. ನಿಮ್ಮ ನಾಲ್ಕನೇ ತರಗತಿಯ ಮಗುವಿನ ಕೈಯಲ್ಲೇ ಮಾಡಿಸಿ ನೋಡಿ. ಒಬ್ಬ ತಾಯಿ ನಾಲ್ಕು ಮಕ್ಕಳಿಗೆ ಮಾಡಿದ ಅಡುಗೆಯನ್ನು ಐವತ್ತಾರು ಮಕ್ಕಳಿಗೆ ಬಡಿಸಬೇಕಾಗಿ ಬಂದಂತೆ ಇದೆ ನಮ್ಮ ಠಾಣೆಯವರ ಸ್ಥಿತಿ.

ವಾಹನ ಬಂದರೂ ಸಮಸ್ಯೆ ಮುಗಿಯುವುದಿಲ್ಲ. ಸಾಮಾನ್ಯ ಅಗ್ನಿಶಾಮಕ ವಾಹನದ ತೊಟ್ಟಿಯಲ್ಲಿ ಸುಮಾರು 4,500 ಲೀಟರ್ ನೀರು ಹಿಡಿಯುತ್ತದೆ. ಪಂಪು ಶುರುವಾದರೆ ಅದು ಕೆಲವೇ ನಿಮಿಷಗಳಲ್ಲಿ ಖಾಲಿಯಾಗುತ್ತದೆ. ಆಮೇಲೆ ಹತ್ತಿರದ ಕೆರೆಗೋ ಕೊಳವೆಬಾವಿಗೋ ಓಡಬೇಕು. ಬೇಸಿಗೆಯಲ್ಲಿ ಕೆರೆ ಬತ್ತಿರುತ್ತದೆ. ಆದ್ದರಿಂದ ಊರಿನಲ್ಲಿ ನೀರು ತುಂಬಿಸಿಕೊಳ್ಳುವ ಜಾಗ ಎಲ್ಲಿದೆ ಎಂಬುದು ಮೊದಲೇ ಗೊತ್ತಿರಬೇಕು. ಅದನ್ನು ನೋಡಿಕೊಳ್ಳಬೇಕಾದದ್ದು ಗ್ರಾಮ ಪಂಚಾಯತಿ.

ಠಾಣೆ ಹೇಗೆ ಮುಚ್ಚುತ್ತದೆ?

ಠಾಣೆ ಮುಚ್ಚುವುದೆಂದರೆ ಬಾಗಿಲಿಗೆ ಬೀಗ ಜಡಿದು ಸರಕಾರ ಆದೇಶ ಹೊರಡಿಸುವುದು ಎಂದು ನಾವು ತಿಳಿದಿದ್ದೇವೆ. ಹಾಗೆ ಮಾಡಿದರೆ ಜನ ಬೀದಿಗೆ ಇಳಿಯುತ್ತಾರೆ. ಅದಕ್ಕಿಂತ ಸುಲಭವಾದ ದಾರಿಗಳಿವೆ.

ಮೊದಲನೆಯದು ವಾಹನದ ದಾರಿ. 15 ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿ ರದ್ದಾಗಬೇಕೆಂದು ಕೇಂದ್ರ ಸರಕಾರ 2023ರ ಜನವರಿಯಲ್ಲಿ ಅಧಿಸೂಚನೆ ಹೊರಡಿಸಿತು. 2023ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ದೇಶದ ರಕ್ಷಣೆ, ಕಾನೂನು ಸುವ್ಯವಸ್ಥೆ ಮತ್ತು ಆಂತರಿಕ ಭದ್ರತೆಗೆ ಬಳಸುವ ವಿಶೇಷ ವಾಹನಗಳಿಗೆ ಅದರಲ್ಲಿ ವಿನಾಯಿತಿ ಇತ್ತು. ಬೆಂಕಿ ನಂದಿಸುವ ವಾಹನದ ಹೆಸರು ಅಲ್ಲಿರಲಿಲ್ಲ. ಹಳೆಯ ವಾಹನವನ್ನು ರಸ್ತೆಯಿಂದ ತೆಗೆಯುವುದು ತಪ್ಪೆಂದು ಯಾರೂ ಹೇಳಲಾರರು. ಬ್ರೇಕು ಹಿಡಿಯದ ವಾಹನದಲ್ಲಿ ಸಿಬ್ಬಂದಿಯನ್ನು ಕಳುಹಿಸುವುದೂ ಅನ್ಯಾಯವೇ. ಆದರೆ ಕರ್ನಾಟಕದ ಹಲವು ಠಾಣೆಗಳಲ್ಲಿ ಹೊಸ ವಾಹನ ಬರುವ ಮುನ್ನವೇ ಹಳೆಯದು ಮೂಲೆ ಸೇರಿತು. ಕಟ್ಟಡ ಹಾಗೆಯೇ ಇದೆ, ಕೆಂಪು ಫಲಕ ಇದೆ, ಸಮವಸ್ತ್ರ ಧರಿಸಿದ ಸಿಬ್ಬಂದಿಯೂ ಇದ್ದಾರೆ. ಕರೆ ಬಂದರೆ ಪಕ್ಕದ ತಾಲೂಕಿಗೆ ಫೋನ್ ಮಾಡಬೇಕು. ಇಂತಹ ಠಾಣೆಯನ್ನು ತೆರೆದಿದೆ ಎನ್ನಬೇಕೋ, ಮುಚ್ಚಿದೆ ಎನ್ನಬೇಕೋ?

ಎರಡನೆಯದು ಹುದ್ದೆಯ ದಾರಿ. ಒಂದು ವಾಹನ ಹೊರಡಬೇಕಾದರೆ ಚಾಲಕನ ಜೊತೆ ಕೊಳವೆ ಹಿಡಿಯುವವರು, ಪಂಪು ನೋಡಿಕೊಳ್ಳುವವರು, ಮುಂದೆ ನಿಂತು ಆದೇಶಿಸುವವರು ಎಂದು ಒಂದು ತಂಡ ಬೇಕು. ನಿವೃತ್ತರಾದವರ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳದಿದ್ದರೆ ಎರಡು ವಾಹನವಿದ್ದರೂ ಹೊರಡುವುದು ಒಂದೇ. ಇದಕ್ಕೂ ಯಾವ ಆದೇಶ ಬೇಕಿಲ್ಲ. ಕಡತವನ್ನು ಮೇಜಿನ ಮೇಲೆ ಹಾಗೆಯೇ ಬಿಟ್ಟರೆ ಸಾಕು.

ಮೂರನೆಯದು ತೆರೆಯದೇ ಇರುವ ದಾರಿ. ಜನಸಂಖ್ಯೆ ಬೆಳೆಯುತ್ತದೆ, ಗ್ಯಾಸ್ ಗೋದಾಮು, ಪೆಟ್ರೋಲ್ ಬಂಕ್, ನಾರಿನ ಕಾರ್ಖಾನೆ, ಮದುವೆ ಮಂಟಪ ಎಲ್ಲವೂ ಹೋಬಳಿ ಮಟ್ಟಕ್ಕೆ ಬರುತ್ತವೆ. ಠಾಣೆ ಮಾತ್ರ ತಾಲೂಕು ಕೇಂದ್ರ ಬಿಟ್ಟು ಅಲುಗುವುದಿಲ್ಲ.

ಈ ಮೂರು ದಾರಿಗಳಲ್ಲೂ ಒಂದು ಸಂಗತಿ ಸಮಾನವಾಗಿದೆ. ಯಾವುದರಲ್ಲೂ ಯಾರ ಸಹಿಯೂ ಇರುವುದಿಲ್ಲ. ಸಹಿ ಇಲ್ಲದ ಕಾರಣ ದುರಂತ ನಡೆದ ಮೇಲೆ ಯಾರನ್ನೂ ಕೇಳುವಂತಿಲ್ಲ.

ಲಂಡನ್ನಿನಲ್ಲಿ ನಡೆದದ್ದು

ಸಹಿ ಇದ್ದಾಗ ಏನಾಗುತ್ತದೆ ಎಂಬುದಕ್ಕೆ ದೂರದ ಒಂದು ಉದಾಹರಣೆ ನೋಡೋಣ. 2014ರ ಜನವರಿ 9ರಂದು ಲಂಡನ್ ನಗರದ 10 ಅಗ್ನಿಶಾಮಕ ಠಾಣೆಗಳನ್ನು ಒಂದೇ ದಿನ ಮುಚ್ಚಲಾಯಿತು. ಅವುಗಳಲ್ಲಿ ಕ್ಲರ್ಕನ್‌ವೆಲ್ ಠಾಣೆ 1872ರಿಂದ ಇದ್ದದ್ದು. 14 ವಾಹನಗಳು ಮತ್ತು 552 ಹುದ್ದೆಗಳು ಹೋದವು. ಹಣ ಉಳಿಸಬೇಕೆಂಬುದು ಕಾರಣ. ಆಗ ಮೇಯರ್ ಆಗಿದ್ದವರು ಬೋರಿಸ್ ಜಾನ್ಸನ್. ಮುಚ್ಚುವ ಮೊದಲು ಸಾರ್ವಜನಿಕ ಸಭೆಗಳು ನಡೆದವು, ಜನ ಪ್ರತಿಭಟಿಸಿದರು, ಕೆಲವು ಸ್ಥಳೀಯ ಆಡಳಿತಗಳು ನ್ಯಾಯಾಲಯಕ್ಕೂ ಹೋದವು. 2013ರ ಸೆಪ್ಟೆಂಬರ್‌ನಲ್ಲಿ ನಗರ ಸಭೆಯ ಸದಸ್ಯರೊಬ್ಬರು ಈ ಕಡಿತದ ಬಗ್ಗೆ ಕೇಳಿದಾಗ ಮೇಯರ್ ಸಭೆಯಲ್ಲೇ ಉದ್ಧಟವಾಗಿ ಉತ್ತರಿಸಿದ್ದು ಊರಿಗೆಲ್ಲ ತಿಳಿಯಿತು. ಠಾಣೆಗಳು ಉಳಿಯಲಿಲ್ಲ, ನಿಜ. ಆದರೆ ಮುಚ್ಚಿದವರು ಯಾರೆಂದು ಇಂದಿಗೂ ಎಲ್ಲರಿಗೂ ಗೊತ್ತು.

ಅದೇ ನಗರದಲ್ಲಿ 2017ರ ಜೂನ್ 14ರಂದು ಗ್ರೆನ್‌ಫೆಲ್ ಟವರ್ ಎಂಬ 24 ಮಹಡಿಗಳ ಕಟ್ಟಡ ಹೊತ್ತಿ ಉರಿದು 72 ಮಂದಿ ಸತ್ತರು. ಅದು ರಮಝಾನ್ ತಿಂಗಳು. ಆ ಕಟ್ಟಡದಲ್ಲೂ ಸುತ್ತಮುತ್ತಲೂ ಮುಸ್ಲಿಮ್ ಕುಟುಂಬಗಳು ಬಹಳ ಇದ್ದವು. ಸಹ್ರಿಗೆಂದು ಎಚ್ಚರವಿದ್ದವರು ಹೊಗೆ ಕಂಡು ನೆರೆಯವರ ಬಾಗಿಲು ಬಡಿದು ಎಬ್ಬಿಸಿದರು. ಈ ದುರಂತಕ್ಕೆ ಠಾಣೆ ಮುಚ್ಚಿದ್ದು ಕಾರಣವಲ್ಲ. ಕಟ್ಟಡದ ಹೊರಮೈಗೆ ಹೊದಿಸಿದ್ದ ಸುಲಭವಾಗಿ ಉರಿಯುವ ಹಲಗೆಗಳಿಂದ ಬೆಂಕಿ ಮೇಲೇರಿತು. ಆದರೆ ಇದರಲ್ಲಿ ನಮಗೊಂದು ಪಾಠ ಇದೆ. ಆ ಕಟ್ಟಡದ ನಿವಾಸಿಗಳ ಒಂದು ಗುಂಪು 2016ರ ನವೆಂಬರ್‌ನಲ್ಲೇ, ದೊಡ್ಡ ದುರಂತ ನಡೆದ ಮೇಲಷ್ಟೇ ಅಧಿಕಾರಿಗಳಿಗೆ ಬುದ್ಧಿ ಬರುತ್ತದೆ ಎಂಬರ್ಥದಲ್ಲಿ ಬರೆದು ಎಚ್ಚರಿಸಿತ್ತು. ಆಗ ಯಾರೂ ಕಿವಿಗೊಡಲಿಲ್ಲ. ಆದರೆ ಬರೆದಿಟ್ಟದ್ದು ಉಳಿಯಿತು. 2024ರ ಸೆಪ್ಟೆಂಬರ್ 4ರಂದು ಬಂದ ತನಿಖಾ ಆಯೋಗದ ಅಂತಿಮ ವರದಿ ಆ ಎಲ್ಲ 72 ಸಾವುಗಳನ್ನೂ ತಪ್ಪಿಸಬಹುದಿತ್ತು ಎಂದಿತು. ಸರಕಾರ, ಸ್ಥಳೀಯ ಆಡಳಿತ, ಕಂಪೆನಿಗಳು ಯಾರನ್ನೂ ಬಿಡಲಿಲ್ಲ.

ನಮ್ಮ ಬೆಂಗಳೂರಿನಲ್ಲೂ ಹೀಗೆ ಎದ್ದುನಿಂತವರಿದ್ದಾರೆ. 2010ರ ಫೆಬ್ರವರಿ 23ರಂದು ಕಾರ್ಲ್‌ಟನ್ ಟವರ್ಸ್ ಕಟ್ಟಡಕ್ಕೆ ಬೆಂಕಿ ಬಿದ್ದು 9 ಮಂದಿ ಪ್ರಾಣ ಕಳೆದುಕೊಂಡರು. ಅವರ ಮನೆಯವರು ಅತ್ತು ಸುಮ್ಮನಾಗಲಿಲ್ಲ. 'ಬಿಯಾಂಡ್ ಕಾರ್ಲ್‌ಟನ್' ಎಂಬ ಸಂಘಟನೆ ಕಟ್ಟಿ, ಕಟ್ಟಡಗಳ ಅಗ್ನಿ ಸುರಕ್ಷತೆಗಾಗಿ ವರ್ಷಗಟ್ಟಲೆ ದುಡಿದರು. ಅಲ್ಲಿ ಸತ್ತವರನ್ನು ಅದು ಮರಳಿ ತರಲಿಲ್ಲ. ಆದರೆ ಇನ್ನೊಬ್ಬರ ಮಕ್ಕಳು ಉಳಿಯಲಿ ಎಂದು ಅವರು ಓಡಾಡಿದರು.

ಅಧಿಕಾರ ಒಂದು ಅಮಾನತ್

ರಾಜಕಾರಣಿಗಳನ್ನು ಪ್ರಶ್ನಿಸುವುದು ನಮ್ಮಂಥ ಹೆಂಗಸರ ಕೆಲಸವೇ ಎಂದು ಕೆಲವು ಸಹೋದರಿಯರು ಹಿಂಜರಿಯಬಹುದು. ಅಂಥವರು ಖಲೀಫ ಉಮರ್(ರ)ರ ಕಾಲವನ್ನೊಮ್ಮೆ ನೆನಪಿಸಿಕೊಳ್ಳಲಿ.

ಒಂದು ರಾತ್ರಿ ಉಮರ್(ರ) ತಮ್ಮ ಸೇವಕ ಅಸ್ಲಮ್‌ರೊಂದಿಗೆ ಮದೀನಾದ ಹೊರವಲಯದಲ್ಲಿ ನಡೆಯುತ್ತಿದ್ದಾಗ ದೂರದಲ್ಲಿ ಬೆಂಕಿ ಕಂಡರು. ಹತ್ತಿರ ಹೋದರೆ ಒಬ್ಬ ತಾಯಿ ಒಲೆಯ ಮೇಲೆ ಬರಿಯ ನೀರಿನ ಪಾತ್ರೆ ಇಟ್ಟು, ಹಸಿದು ಅಳುತ್ತಿರುವ ಮಕ್ಕಳನ್ನು ಸಮಾಧಾನಪಡಿಸುತ್ತಿದ್ದಳು. ಎದುರಿಗೆ ನಿಂತವರು ಯಾರೆಂದು ಆಕೆಗೆ ತಿಳಿದಿರಲಿಲ್ಲ. ತನ್ನ ಮತ್ತು ಉಮರ್‌ರ ನಡುವೆ ಅಲ್ಲಾಹನೇ ತೀರ್ಪು ನೀಡಲಿ ಎಂದಳು. ಉಮರ್‌ರಿಗೆ ನಿನ್ನ ಸ್ಥಿತಿ ಹೇಗೆ ಗೊತ್ತಾಗಬೇಕು ಎಂದು ಕೇಳಿದಾಗ, ನಮ್ಮ ಹೊಣೆ ಹೊತ್ತ ಮೇಲೆ ನಮ್ಮನ್ನು ಮರೆಯುವುದೇ ಎಂದು ಮರುಪ್ರಶ್ನೆ ಹಾಕಿದಳು. ಉಮರ್(ರ) ವಾದಿಸಲಿಲ್ಲ. ಓಡಿಹೋಗಿ ಹಿಟ್ಟಿನ ಮೂಟೆಯನ್ನು ತಮ್ಮ ಬೆನ್ನಿನ ಮೇಲೆಯೇ ಹೊತ್ತು ತಂದರು. ತಾನು ಹೊರುತ್ತೇನೆಂದ ಅಸ್ಲಮ್‌ರಿಗೆ, ಪರಲೋಕದಲ್ಲಿ ತನ್ನ ಭಾರವನ್ನೂ ಹೊರುವೆಯಾ ಎಂದು ಕೇಳಿದರು.

ಆ ತಾಯಿಯ ಪ್ರಶ್ನೆಯನ್ನು ಗಮನಿಸಿ. ಗೊತ್ತಿರಲಿಲ್ಲ ಎಂಬುದು ಹೊಣೆ ಹೊತ್ತವನಿಗೆ ನೆಪವಾಗಲಾರದು ಎಂದು ಆಕೆ ಹೇಳಿದಳು. ಇಂದಿನ ಯಾವ ಶಾಸಕರಿಗೂ ಸಚಿವರಿಗೂ ಈ ಮಾತು ಅನ್ವಯಿಸುತ್ತದೆ.

ಹಝ್ರತ್ ಖೌಲಾ(ರ) ಎಂಬ ವೃದ್ಧೆ ಒಮ್ಮೆ ದಾರಿಯಲ್ಲೇ ಉಮರ್(ರ)ರನ್ನು ನಿಲ್ಲಿಸಿ, ಪ್ರಜೆಗಳ ವಿಷಯದಲ್ಲಿ ಅಲ್ಲಾಹನನ್ನು ಭಯಪಡು ಎಂದು ಬಹಳ ಹೊತ್ತು ಉಪದೇಶಿಸಿದರು. ಜೊತೆಯಲ್ಲಿದ್ದವರಿಗೆ ಅದು ಅತಿಯೆನಿಸಿತು. ಆದರೆ ಏಳು ಆಕಾಶಗಳ ಮೇಲಿನಿಂದ ಅಲ್ಲಾಹನೇ ಆಕೆಯ ಮಾತನ್ನು ಆಲಿಸಿರುವಾಗ ಉಮರ್ ಆಲಿಸಬೇಡವೇ ಎಂದು ಖಲೀಫರು ಅವರನ್ನು ತಡೆದರು. ಜನರ ಹೊಣೆ ಹೊತ್ತವನು ಅವರ ಅಗತ್ಯಗಳಿಗೆ ಬಾಗಿಲು ಮುಚ್ಚಿಕೊಂಡರೆ ಅಲ್ಲಾಹನೂ ಅವನ ಅಗತ್ಯಗಳಿಗೆ ಬಾಗಿಲು ಮುಚ್ಚುವನೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಪ್ರತಿಯೊಬ್ಬರೂ ಒಬ್ಬ ಕುರುಬನಂತೆ, ತನ್ನ ಹಿಂಡಿನ ಬಗ್ಗೆ ಪ್ರತಿಯೊಬ್ಬರನ್ನೂ ವಿಚಾರಿಸಲಾಗುವುದು ಎಂಬ ಹದೀಸ್ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಆ ವಿಚಾರಣೆ ಆಖಿರತ್‌ನಲ್ಲಿ ಹೇಗೂ ಇದೆ. ಈ ಲೋಕದಲ್ಲಿ ವಿಚಾರಿಸುವ ಹಕ್ಕನ್ನು ನಮ್ಮ ಸಂವಿಧಾನ ನಮ್ಮ ಕೈಗೇ ಕೊಟ್ಟಿದೆ.

ಯಾರನ್ನು ಕೇಳಬೇಕು?

ಪ್ರಶ್ನೆ ತಪ್ಪು ಬಾಗಿಲಿಗೆ ಹೋದರೆ ಉತ್ತರ ಬರುವುದಿಲ್ಲ. ಆದ್ದರಿಂದ ಬಾಗಿಲುಗಳ ಪರಿಚಯ ಬೇಕು.

ಸಂವಿಧಾನದ ಹನ್ನೆರಡನೇ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆಯನ್ನು ನಗರಾಡಳಿತ ಸಂಸ್ಥೆಗಳ ಕೆಲಸಗಳ ಪಟ್ಟಿಯಲ್ಲಿ ಸೇರಿಸಲಾಗಿದೆ. ಆದರೆ ಕರ್ನಾಟಕದಲ್ಲಿ ಅದು ರಾಜ್ಯ ಸರಕಾರದ ಇಲಾಖೆ. 1964ರ ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆ ಅದಕ್ಕೆ ಆಧಾರ. ಗೃಹ ಇಲಾಖೆಯ ಕೆಳಗೆ ಅದು ಬರುತ್ತದೆ. ಹಾಗಾಗಿ ಪಂಚಾಯತಿಯವರು ನಮ್ಮದಲ್ಲ ಎನ್ನುತ್ತಾರೆ, ಪುರಸಭೆಯವರೂ ನಮ್ಮದಲ್ಲ ಎನ್ನುತ್ತಾರೆ. ಹೊಸ ಠಾಣೆ ಮಂಜೂರು ಮಾಡುವುದು, ವಾಹನ ಕೊಡುವುದು, ಹುದ್ದೆ ತುಂಬುವುದು ಬೆಂಗಳೂರಿನಲ್ಲಿ ತೀರ್ಮಾನವಾಗುತ್ತದೆ. ಬೆಂಗಳೂರಿನಲ್ಲಿ ನಮ್ಮ ಪರವಾಗಿ ಕುಳಿತಿರುವವರು ಶಾಸಕರು.

ನಾಗಮಂಗಲ ಕ್ಷೇತ್ರದಿಂದ 2018ರಲ್ಲಿ ಜೆಡಿಎಸ್‌ನ ಕೆ. ಸುರೇಶ್ ಗೌಡರು ಗೆದ್ದರು. 2023ರಲ್ಲಿ ಕಾಂಗ್ರೆಸ್‌ನ ಎನ್. ಚಲುವರಾಯಸ್ವಾಮಿ ಗೆದ್ದು ರಾಜ್ಯದ ಕೃಷಿ ಸಚಿವರಾದರು, ಮಂಡ್ಯ ಜಿಲ್ಲೆಯ ಉಸ್ತುವಾರಿಯೂ ಅವರಿಗೆ ಬಂತು. 2024ರಲ್ಲಿ ಮಂಡ್ಯದಿಂದ ಲೋಕಸಭೆಗೆ ಆಯ್ಕೆಯಾದ ಎಚ್.ಡಿ. ಕುಮಾರಸ್ವಾಮಿ ಕೇಂದ್ರ ಸಚಿವರಾದರು. ಪಕ್ಷ ಯಾವುದಾದರೂ, ಗೆಲ್ಲುವವರು ಯಾರಾದರೂ ನಮ್ಮ ಪ್ರಶ್ನೆ ಬದಲಾಗಬೇಕಾಗಿಲ್ಲ. ನಾವು ವೋಟು ಹಾಕಿದವರನ್ನು ಮೆತ್ತಗೆ, ಹಾಕದವರನ್ನು ಜೋರಾಗಿ ಕೇಳುವುದು ನ್ಯಾಯವಲ್ಲ.

ಹಣವಿಲ್ಲ ಎಂಬ ಉತ್ತರ ಬರಬಹುದು. ರಾಜ್ಯಗಳ ಅಗ್ನಿಶಾಮಕ ಸೇವೆಯನ್ನು ವಿಸ್ತರಿಸಿ ಆಧುನಿಕಗೊಳಿಸಲು ಹದಿನೈದನೇ ಹಣಕಾಸು ಆಯೋಗದ ಶಿಫಾರಸಿನಂತೆ ಕೇಂದ್ರ ಸರಕಾರ 2023ರ ಜುಲೈನಲ್ಲಿ 5,000 ಕೋಟಿ ರೂಪಾಯಿಯ ಯೋಜನೆ ಆರಂಭಿಸಿತು. ಕರ್ನಾಟಕದಂಥ ರಾಜ್ಯಗಳು ತಮ್ಮ ಪಾಲಾಗಿ ಶೇಕಡಾ 25ರಷ್ಟು ಸೇರಿಸಬೇಕಿತ್ತು. ಈ ಹಣದಲ್ಲಿ ಮಂಡ್ಯ ಜಿಲ್ಲೆಗೆ ಏನು ಬಂತು, ನಾಗಮಂಗಲಕ್ಕೆ ಏನು ಬಂತು ಎಂದು ಸಂಸದರನ್ನೂ ಶಾಸಕರನ್ನೂ ಕೇಳಬಹುದು. ಶಾಸಕರ ಕೈಯಲ್ಲಿ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯೆಂದು ವರ್ಷಕ್ಕೆ 2 ಕೋಟಿ ರೂಪಾಯಿ ಇರುತ್ತದೆ ಎಂಬುದೂ ನೆನಪಿರಲಿ.

ಕೆಳಹಂತದಲ್ಲಿ ಇನ್ನೊಂದು ಕೊರತೆ ಇದೆ. ಜಿಲ್ಲಾ ಪಂಚಾಯತಿ, ತಾಲೂಕು ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಆ ಸದಸ್ಯರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹೋಬಳಿಯ ಮಾತನ್ನು ತಾಲೂಕಿಗೆ, ಜಿಲ್ಲೆಗೆ ಮುಟ್ಟಿಸಬೇಕಾದ ಕುರ್ಚಿಗಳು ಖಾಲಿ ಬಿದ್ದವು. ಇದೂ ಬೀಗ ಹಾಕದೆ ಮುಚ್ಚಿದ ಬಾಗಿಲೇ.

ಹೇಗೆ ಕೇಳಬೇಕು?

ಮಾತಿನಲ್ಲಿ ಕೇಳಿದ್ದು ಗಾಳಿಯಲ್ಲಿ ಹೋಗುತ್ತದೆ. ಬರೆದು ಕೇಳಿ, ತಾರೀಖು ಹಾಕಿ ಕೇಳಿ, ಸ್ವೀಕೃತಿ ಪಡೆದುಕೊಳ್ಳಿ.

ಮೊದಲ ಹೆಜ್ಜೆ ಮಾಹಿತಿ ಹಕ್ಕು. 2005ರ ಈ ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಯಾವುದೇ ನಾಗರಿಕರು ಅರ್ಜಿ ಹಾಕಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು 150 ಪದ ಮೀರಬಾರದು. 30 ದಿನಗಳಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೇಲ್ಮನವಿಗೆ ಅವಕಾಶವಿದೆ. ಮಂಡ್ಯದ ಜಿಲ್ಲಾ ಅಗ್ನಿಶಾಮಕ ಅಧಿಕಾರಿಯ ಕಚೇರಿಗೆ ಹೀಗೆ ಬರೆಯಿರಿ: ನಾಗಮಂಗಲ ಠಾಣೆಗೆ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು? ವಾಹನಗಳು ಎಷ್ಟು, ಪ್ರತಿಯೊಂದು ಯಾವ ವರ್ಷದ್ದು? ಕಳೆದ ವರ್ಷ ದೇವಲಾಪುರ ಹೋಬಳಿಯಿಂದ ಬಂದ ಕರೆಗಳೆಷ್ಟು? ಪ್ರತಿ ಕರೆಗೆ ವಾಹನ ತಲುಪಲು ಹಿಡಿದ ಸಮಯ ಎಷ್ಟು? ಹೋಬಳಿಗೆ ಠಾಣೆ ಬೇಕೆಂಬ ಪ್ರಸ್ತಾವನೆ ಏನಾದರೂ ಇದೆಯೇ, ಇದ್ದರೆ ಅದು ಈಗ ಯಾರ ಮೇಜಿನಲ್ಲಿದೆ? ಇಷ್ಟು ಸಾಕು. ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಒಂದು ಹುದ್ದೆಯ ಹೆಸರು ಇರುತ್ತದೆ. ಇಲ್ಲದಿದ್ದ ಸಹಿ ಅಲ್ಲಿ ಹುಟ್ಟುತ್ತದೆ.

ಎರಡನೆಯ ಹೆಜ್ಜೆ ಗ್ರಾಮ ಸಭೆ. ನಮ್ಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಆ ಸದಸ್ಯೆಯರು ನಿಮ್ಮ ನೆರೆಯವರೇ ಆಗಿರುತ್ತಾರೆ. ಅವರೊಂದಿಗೆ ಮಾತಾಡಿ. ಅಗ್ನಿಶಾಮಕ ಉಪಠಾಣೆ ಬೇಕೆಂದು, ಬೇಸಿಗೆಯಲ್ಲಿ ವಾಹನಕ್ಕೆ ನೀರು ತುಂಬಿಸುವ ತೊಟ್ಟಿ ಬೇಕೆಂದು, ಮೆದೆಗಳ ಮೇಲೆ ಜೋತುಬಿದ್ದ ತಂತಿಗಳನ್ನು ಬಿಗಿಗೊಳಿಸಬೇಕೆಂದು ಸಭೆಯಲ್ಲಿ ನಿರ್ಣಯ ಮಾಡಿಸಿ. ನಡಾವಳಿ ಪುಸ್ತಕದಲ್ಲಿ ಅದು ದಾಖಲಾಗಿದೆಯೇ ಎಂದು ನೋಡಿ, ಅದರ ನಕಲು ಪಡೆಯಿರಿ. ಸ್ತ್ರೀಶಕ್ತಿ ಸಂಘದ ಹತ್ತು ಹದಿನೈದು ಮಂದಿ ಒಟ್ಟಾಗಿ ಹೋದರೆ ಒಬ್ಬೊಬ್ಬರೇ ಅಂಜಬೇಕಾಗಿಲ್ಲ.

ಮೂರನೆಯ ಹೆಜ್ಜೆ ಶಾಸಕರು. ಮಾಹಿತಿ ಹಕ್ಕಿನ ಉತ್ತರ ಮತ್ತು ಗ್ರಾಮ ಸಭೆಯ ನಿರ್ಣಯ ಎರಡನ್ನೂ ಲಗತ್ತಿಸಿ ಮನವಿ ಕೊಡಿ. ವಿಧಾನಸಭೆಯಲ್ಲಿ ಪ್ರಶ್ನೆಯಾಗಿ ಕೇಳುವಂತೆ ವಿನಂತಿಸಿ. ಅಲ್ಲಿ ಕೇಳಿದ ಪ್ರಶ್ನೆಗೆ ಸರಕಾರ ಉತ್ತರ ಕೊಡಲೇಬೇಕು. ಶಾಸಕರೇ ಸಚಿವರಾಗಿದ್ದರೆ ಅವರು ಸರಕಾರದ ಭಾಗವೇ ಆಗಿರುವುದರಿಂದ ನೇರವಾಗಿ ಗೃಹ ಇಲಾಖೆಗೆ ಪತ್ರ ಬರೆಯುವಂತೆ ಕೇಳಿ, ಪತ್ರದ ಪ್ರತಿಯನ್ನೂ ಕೇಳಿ. ಮುಂದಿನ ಚುನಾವಣೆಯಲ್ಲಿ ವೋಟು ಕೇಳಿಕೊಂಡು ಬಂದವರ ಮುಂದೆ ಆ ಪ್ರತಿಯನ್ನು ಇಡಿ. ಸೀರೆ, ಕುಕ್ಕರ್ ಹಿಡಿದು ಬಂದವರಿಗೂ ಆ ಪ್ರತಿಯನ್ನೇ ತೋರಿಸಿ.

ಇಷ್ಟೆಲ್ಲ ಕೇಳುವಾಗ ಠಾಣೆಯ ಸಿಬ್ಬಂದಿಯ ಮೇಲೆ ಸಿಟ್ಟಾಗಬೇಡಿ. ಬೆಂಕಿ ಕಂಡು ಎಲ್ಲರೂ ಹೊರಗೆ ಓಡುವಾಗ ಒಳಗೆ ನುಗ್ಗುವವರು ಅವರು. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಸ್ಫೋಟಕ ತುಂಬಿದ್ದ ಹಡಗು ಸಿಡಿದಾಗ ಬೆಂಕಿ ನಂದಿಸಲು ಹೋದ 66 ಅಗ್ನಿಶಾಮಕರು ಪ್ರಾಣ ಕಳೆದುಕೊಂಡರು. ಅವರ ನೆನಪಿಗಾಗಿಯೇ ಪ್ರತಿವರ್ಷ ಏಪ್ರಿಲ್ 14ರಿಂದ ಒಂದು ವಾರ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆ ವಾರ ಅವರನ್ನು ನಿಮ್ಮ ಶಾಲೆಗೆ, ಮದ್ರಸಕ್ಕೆ ಆಹ್ವಾನಿಸಿ. ಮಕ್ಕಳಿಗೆ ಪ್ರಾತ್ಯಕ್ಷಿಕೆ ತೋರಿಸಲಿ. ಚಹಾ ಕೊಟ್ಟು, ನಿಮಗೇನು ಕೊರತೆ ಇದೆ ಎಂದು ಕೇಳಿ. ಸರಕಾರಿ ನೌಕರರಾಗಿ ಅವರು ಮೇಲಿನವರಿಗೆ ಹೇಳಲಾರದ್ದನ್ನು ನಾಗರಿಕರಾಗಿ ನೀವು ಹೇಳಬಹುದು.

ನಾಗಮಂಗಲ ಕಂಡ ರಾತ್ರಿ

2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲ ಪಟ್ಟಣದಲ್ಲಿ ಗಣೇಶ ಮೆರವಣಿಗೆಯ ವೇಳೆ ಘರ್ಷಣೆಯಾಗಿ ಅಂಗಡಿಗಳಿಗೆ, ವಾಹನಗಳಿಗೆ ಬೆಂಕಿ ಹಚ್ಚಲಾಯಿತು. ನಷ್ಟ ಎರಡೂ ಸಮುದಾಯದವರಿಗೆ ಆಯಿತು. ವರ್ಷಗಟ್ಟಲೆ ದುಡಿದು ಕಟ್ಟಿದ ವ್ಯಾಪಾರ ಬೆಳಗಾಗುವುದರೊಳಗೆ ಬೂದಿಯಾಗಿತ್ತು. ಎಲ್ಲ ಪಕ್ಷಗಳ ನಾಯಕರೂ ಬಂದರು, ಹೇಳಿಕೆ ಕೊಟ್ಟರು.

ಬೆಂಕಿ ಹಚ್ಚಿದವನು ಯಾರೇ ಆಗಿರಲಿ, ಅವನು ಅಪರಾಧಿ. ಅದನ್ನು ವಿಚಾರಿಸಲು ಪೊಲೀಸರಿದ್ದಾರೆ, ನ್ಯಾಯಾಲಯವಿದೆ. ಆದರೆ ಊರಿನ ಸುರಕ್ಷತೆಯ ಪ್ರಶ್ನೆಯನ್ನು ಎರಡೂ ಸಮುದಾಯದ ಹೆಂಗಸರು ಒಟ್ಟಾಗಿ ಕೇಳಲು ಸಾಧ್ಯ. ಗೌಡರ ಮನೆಯ ಹುಲ್ಲಿನ ಮೆದೆಗೂ ಸಾಬರ ಅಂಗಡಿಗೂ ಬರಬೇಕಾದ್ದು ಅದೇ ಒಂದು ಕೆಂಪು ವಾಹನ. ಅದಕ್ಕಾಗಿ ಒಂದೇ ಅರ್ಜಿಗೆ ಇಬ್ಬರೂ ಸಹಿ ಹಾಕಿದರೆ, ನಮ್ಮನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕುವ ರಾಜಕಾರಣಿಗೆ ಅದಕ್ಕಿಂತ ದೊಡ್ಡ ಉತ್ತರ ಬೇರೆ ಇಲ್ಲ. ನೆರೆಯವರ ಹಕ್ಕನ್ನು ಕಲಿಸಿದ ದೀನ್ ನಮ್ಮದು. ನೆರೆಯವರು ಯಾವ ಧರ್ಮದವರೆಂದು ನೋಡಿ ಆ ಹಕ್ಕು ಹೆಚ್ಚು ಕಡಿಮೆ ಆಗುವುದಿಲ್ಲ.

ನಮ್ಮ ಮನೆಯ ಪಾಲು

ಸರಕಾರವನ್ನು ಕೇಳುವವರು ತಮ್ಮ ಪಾಲನ್ನು ಮೊದಲು ನಿರ್ವಹಿಸಬೇಕು. ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಮನೆಯವರ ಸಮೇತ ಸುಟ್ಟುಹೋದ ಸುದ್ದಿ ತಿಳಿದಾಗ ಪ್ರವಾದಿವರ್ಯರು(ಸ), ಬೆಂಕಿ ನಿಮ್ಮ ಶತ್ರು, ಮಲಗುವಾಗ ಅದನ್ನು ನಂದಿಸಿ ಎಂದು ಬೋಧಿಸಿದ್ದನ್ನು ಇಮಾಮ್ ಬುಖಾರಿ(ರ) ದಾಖಲಿಸಿದ್ದಾರೆ. ಇಲಿ ದೀಪದ ಬತ್ತಿಯನ್ನು ಎಳೆದೊಯ್ದು ಮನೆ ಸುಡಬಹುದು ಎಂಬಷ್ಟು ಸಣ್ಣ ಸಂಗತಿಯನ್ನೂ ಅವರು ಬಿಡಲಿಲ್ಲ. ಇಂದು ಬತ್ತಿಯ ಜಾಗದಲ್ಲಿ ಗ್ಯಾಸ್ ಸಿಲಿಂಡರ್ ಇದೆ, ಮೊಬೈಲ್ ಚಾರ್ಜರ್ ಇದೆ, ಸೊಳ್ಳೆ ಬತ್ತಿ ಇದೆ.

ರಾತ್ರಿ ಮಲಗುವ ಮುನ್ನ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡುವುದನ್ನು ಇಶಾ ನಮಾಝಿನಷ್ಟೇ ತಪ್ಪದ ಅಭ್ಯಾಸ ಮಾಡಿಕೊಳ್ಳಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಕಿಟಕಿ ಬಾಗಿಲು ತೆರೆದು ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಒಲೆಯ ಮುಂದೆ ದುಪಟ್ಟಾದ ಅಂಚನ್ನು ಕಟ್ಟಿಕೊಳ್ಳಿ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಉರಿದರೆ ಕರಗಿ ಮೈಗೆ ಅಂಟುತ್ತದೆ. ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್, ಶಾಯಿ ಹಚ್ಚದೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ. ಹುಲ್ಲಿನ ಮೆದೆಯನ್ನು ತಂತಿಯ ಕೆಳಗೆ, ಕೊಟ್ಟಿಗೆಗೆ ಅಂಟಿಸಿ ಹಾಕಿಸಬೇಡಿ. 101 ಮತ್ತು 112 ಎಂಬ ಎರಡು ಸಂಖ್ಯೆಗಳನ್ನು ಮನೆಯ ಚಿಕ್ಕ ಮಗುವಿಗೂ ಕಲಿಸಿ. ಇವೆಲ್ಲ ವಾಹನ ಬರುವವರೆಗಿನ ಮಾತು. ವಾಹನ ಬರಬೇಕಾದದ್ದು ನಮ್ಮ ಹಕ್ಕು.

ಈ ಸಂಚಿಕೆಯನ್ನು ಕೆಳಗಿಡುವ ಮುನ್ನ ಒಂದು ಕೆಲಸ ಮಾಡಿ. ನಿಮ್ಮ ಊರಿನ ಅಗ್ನಿಶಾಮಕ ಠಾಣೆಯ ಹೆಸರನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಅದರ ಕೆಳಗೆ ಮೇಲಿನ ಐದು ಪ್ರಶ್ನೆಗಳನ್ನು ಬರೆಯಿರಿ. ಕನ್ನಡ ಓದಿದ ನಿಮ್ಮ ಮಗಳ ಕೈಯಲ್ಲಿ ಅದನ್ನು ಅರ್ಜಿಯಾಗಿ ಬರೆಸಿ, ನೀವು ಸಹಿ ಹಾಕಿ. ನಾಳೆ ಪೋಸ್ಟ್ ಆಫೀಸಿಗೆ ಹೋದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಿಗುತ್ತದೆ.

ನಮ್ಮ ಮನೆಗಳನ್ನೂ ನೆರೆಯವರ ಮನೆಗಳನ್ನೂ ಬೆಂಕಿಯಿಂದ ಕಾಪಾಡುವಂತೆ, ಹೊಣೆ ಹೊತ್ತವರಿಗೆ ಅಮಾನತ್‌ನ ಭಾರ ತಿಳಿಯುವಂತೆ, ಕೇಳಬೇಕಾದ್ದನ್ನು ಕೇಳುವ ಧೈರ್ಯ ನಮಗೆ ಬರುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.